‘ಹೇಗೂ ಬೀಳೋ ಹಲ್ಲು ತಾನೇ?’: ಸೊಟ್ಟ ಹಲ್ಲಿನ ಹಿಂದಿನ ಲೆಕ್ಕ

ಮಗುವಿನ ಹಲ್ಲು ಬಿದ್ದ ದಿನ ನಮ್ಮ ಮನೆಗಳಲ್ಲಿ ಎರಡು ಕೆಲಸ ನಡೆಯುತ್ತಿದ್ದವು. ಬಿದ್ದ ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುವುದು ಒಂದು. ‘ಆ ಜಾಗಕ್ಕೆ ನಾಲಿಗೆ ತಾಗಿಸಬೇಡ, ಉಬ್ಬುಹಲ್ಲು ಬರುತ್ತೆ’ ಎಂದು ಅಜ್ಜಿ ಗದರುವುದು ಇನ್ನೊಂದು. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಸಗಣಿಯೂ ಇಲ್ಲ, ಮಾಡೂ ಇಲ್ಲ. ಗದರುವುದು ಮಾತ್ರ ಉಳಿದಿದೆ. ಮುಂದೆ ಹಲ್ಲು ಸೊಟ್ಟ ಬಂದರೆ ತಪ್ಪು ನಾಲಿಗೆಯದು, ಇಲ್ಲವೇ ‘ಅವರ ತಾತಂದೂ ಹೀಗೇ ಇತ್ತು’ ಎಂದು ವಂಶದ್ದು. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ.

ಅಜ್ಜಿಯ ಮಾತನ್ನು ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಹಲ್ಲು ದವಡೆ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ಹಲ್ಲನ್ನು ಒಂದೇ ದಿಕ್ಕಿಗೆ ಬಹಳ ಹೊತ್ತು ಒತ್ತಿದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ, ಹಲ್ಲು ಸರಿಯುತ್ತದೆ. ಕ್ಲಿಪ್ ಹಾಕಿ ಹಲ್ಲು ಸರಿಪಡಿಸುವುದೂ ಇದೇ ಉಪಾಯದಿಂದ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕ್ಲಿಪ್ ಇಲ್ಲದ ಬಾಯಲ್ಲೂ ಈ ಒತ್ತಾಟ ಹಗಲು ರಾತ್ರಿ ನಡೆದೇ ಇರುತ್ತದೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ.

ಇಲ್ಲಿ ಎಷ್ಟು ಜೋರಾಗಿ ಒತ್ತಿದೆವು ಎನ್ನುವುದಕ್ಕಿಂತ ಎಷ್ಟು ಹೊತ್ತು ಒತ್ತಿದೆವು ಎನ್ನುವುದೇ ಮುಖ್ಯ. ನಿಪ್ಪಟ್ಟು ಕಡಿಯುವಾಗ ಹಲ್ಲಿನ ಮೇಲೆ ಬೀಳುವ ಭಾರ ಹಲವಾರು ಕಿಲೋ ಇದ್ದೀತು. ಆದರೆ ಅದು ಒಂದು ಕ್ಷಣದ್ದು, ಹಲ್ಲು ಅದಕ್ಕೆ ಜಗ್ಗುವುದಿಲ್ಲ. ಕೆಲವೇ ಗ್ರಾಂ ತೂಕದ ಸ್ಪರ್ಶ ಗಂಟೆಗಟ್ಟಲೆ ಬಿದ್ದರೆ ಜಗ್ಗುತ್ತದೆ. ಅಮೆರಿಕದ ದಂತತಜ್ಞ ವಿಲಿಯಂ ಪ್ರಾಫಿಟ್ 1978ರಲ್ಲಿ ಈ ಸಮತೋಲದ ಲೆಕ್ಕವನ್ನು ಬಿಡಿಸಿ ಬರೆದರು. ದಿನಕ್ಕೆ ಸುಮಾರು 6 ಗಂಟೆ ಒತ್ತಡ ಬಿದ್ದರೆ ಹಲ್ಲು ಸರಿಯಲು ಶುರು ಎಂಬುದು ಈಗ ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು. ಹಾಗಾಗಿ ಹಲ್ಲು ಬಿದ್ದ ಸಂದಿಗೆ ಮಗು ಆಗಾಗ ನಾಲಿಗೆ ಹಾಕಿ ನೋಡಿದರೆ ಏನೂ ಆಗುವುದಿಲ್ಲ. ನಾಲಿಗೆ ಸುಮ್ಮನಿರುವಾಗಲೂ ಮೇಲಿನ ಕೆಳಗಿನ ಹಲ್ಲುಗಳ ನಡುವೆಯೇ ಮಲಗಿರುವ ಅಭ್ಯಾಸವಿದ್ದರೆ ಆಗ ಮಾತು ಬೇರೆ.

ಒತ್ತಡದ್ದು ಒಂದು ಲೆಕ್ಕವಾದರೆ ಜಾಗದ್ದು ಇನ್ನೊಂದು. ನಾವು ನೋಡುವ ಸೊಟ್ಟ ಹಲ್ಲುಗಳಲ್ಲಿ ಬಹುಪಾಲು ಜಾಗದ ಲೆಕ್ಕ ತಪ್ಪಿದ್ದರಿಂದಲೇ ಆದವು.

ಸುಮಾರು ಆರು ತಿಂಗಳಿಗೆ ಮೊದಲ ಹಾಲುಹಲ್ಲು ಕಾಣಿಸುತ್ತದೆ. ಮೂರು ವರ್ಷ ತುಂಬುವ ಹೊತ್ತಿಗೆ 20 ಹಲ್ಲೂ ಬಂದಿರುತ್ತವೆ. ಮುಂದೆ ಆರರಿಂದ ಹನ್ನೆರಡರ ತನಕ ಬಾಯಲ್ಲಿ ಹಾಲುಹಲ್ಲು, ಶಾಶ್ವತ ಹಲ್ಲು ಎರಡೂ ಬೆರೆತಿರುತ್ತವೆ. ಎಲ್ಲ ಎಡವಟ್ಟು ಆಗುವುದೂ, ಸರಿಯಾಗುವುದೂ ಹೆಚ್ಚಾಗಿ ಈ ಆರು ವರ್ಷಗಳಲ್ಲೇ. ಮೇಲಿನ ನಾಲ್ಕು ಬಾಚಿಹಲ್ಲುಗಳನ್ನೇ ತೆಗೆದುಕೊಳ್ಳಿ. ಬಿದ್ದುಹೋಗುವ ನಾಲ್ಕು ಹಾಲುಹಲ್ಲುಗಳ ಅಗಲ ಕೂಡಿಸಿದ್ದಕ್ಕಿಂತ ಹೊಸದಾಗಿ ಬರುವ ನಾಲ್ಕರ ಒಟ್ಟು ಅಗಲ ಸುಮಾರು 7 ಮಿಲಿಮೀಟರ್ ಹೆಚ್ಚು. ಕೆಳಗಿನ ಸಾಲಿನಲ್ಲಿ ಸುಮಾರು 5. ಈ ಹೆಚ್ಚುವರಿ ಜಾಗ ಎಲ್ಲಿಂದ ಬರಬೇಕು? ಹಾಲುಹಲ್ಲುಗಳ ನಡುವಿನ ಸಂದುಗಳಿಂದ ಒಂದಿಷ್ಟು, ದವಡೆ ಅಗಲವಾಗುವುದರಿಂದ ಒಂದಿಷ್ಟು, ಹೊಸ ಹಲ್ಲುಗಳು ಸ್ವಲ್ಪ ಮುಂದಕ್ಕೆ ಬಾಗಿ ಬರುವುದರಿಂದ ಇನ್ನೊಂದಿಷ್ಟು. ಮೂರು ವರ್ಷದ ಮಗುವಿನ ಹಲ್ಲು ಸಂದುಸಂದಾಗಿದೆ ಎಂದು ಚಿಂತೆ ಮಾಡುವ ತಾಯಂದಿರಿದ್ದಾರೆ. ಚಿಂತೆ ಮಾಡಬೇಕಾದ್ದು ಸಂದೇ ಇಲ್ಲದೆ, ಮುತ್ತು ಪೋಣಿಸಿಟ್ಟಷ್ಟು ಚೆಂದವಿದ್ದರೆ. ಆ ಚೆಂದದ ಸಾಲಿನಲ್ಲಿ ಮುಂದೆ ಬರುವ ದೊಡ್ಡ ಹಲ್ಲುಗಳಿಗೆ ಜಾಗ ಸಾಲದೆ ಹೋಗುವ ಸಾಧ್ಯತೆಯೇ ಹೆಚ್ಚು.

ಈ ವಯಸ್ಸಿನಲ್ಲಿ ಸುಮ್ಮಸುಮ್ಮನೆ ಹೆದರಿಸುವ ಎರಡು ನೋಟಗಳಿವೆ. ಒಂದು, ಆರೇಳು ವರ್ಷಕ್ಕೆ ಕೆಳಗಿನ ಮುಂದಿನ ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಮೂಡಿ ಎರಡು ಸಾಲಾಗುವುದು. ಹಳೆಯದು ಅಲ್ಲಾಡುತ್ತಿದ್ದರೆ ಅದು ಬಿದ್ದ ಮೇಲೆ ನಾಲಿಗೆಯೇ ಹೊಸದನ್ನು ಮುಂದಕ್ಕೆ ತಳ್ಳಿಕೊಂಡು ಬರುತ್ತದೆ. ಅಜ್ಜಿ ಬೈಯುವ ಅದೇ ನಾಲಿಗೆ. ತಿಂಗಳುಗಟ್ಟಲೆ ಅಲ್ಲಾಡದೆ ಗಟ್ಟಿಯಾಗಿ ಕೂತಿದ್ದರೆ ಮಾತ್ರ ತೋರಿಸಬೇಕು. ಇನ್ನೊಂದು, ಎಂಟರಿಂದ ಹನ್ನೊಂದರ ನಡುವೆ ಮೇಲಿನ ಬಾಚಿಹಲ್ಲುಗಳು ಬೀಸಣಿಗೆಯಂತೆ ಬಿಚ್ಚಿಕೊಂಡು ನಡುವೆ ಸಂದು ಕಾಣುವುದು. ಮೂಳೆಯೊಳಗೆ ಮೇಲಿನಿಂದ ಇಳಿದು ಬರುತ್ತಿರುವ ಕೋರೆಹಲ್ಲು ಪಕ್ಕದ ಹಲ್ಲಿನ ಬೇರನ್ನು ಒತ್ತುವುದರಿಂದ ಹೀಗಾಗುತ್ತದೆ. ಅಮೆರಿಕದ ಬ್ರಾಡ್‌ಬೆಂಟ್ 1937ರಲ್ಲಿ ಇದನ್ನು ‘ಕುರೂಪಿ ಬಾತುಮರಿ’ಯ ಹಂತ ಎಂದು ಕರೆದರು. ಹನ್ನೊಂದು-ಹನ್ನೆರಡಕ್ಕೆ ಕೋರೆಹಲ್ಲು ಕೆಳಗಿಳಿದಾಗ ಸಣ್ಣ ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ಮಿಲಿಮೀಟರಿಗಿಂತ ಹೆಚ್ಚು ಅಗಲವಿದ್ದರೆ ಅನುಮಾನ ಪಡಬಹುದು. ತುಟಿಯಿಂದ ಒಸಡಿಗೆ ಇಳಿಯುವ ಪಟ್ಟಿ ದಪ್ಪವಿದ್ದೀತು, ಇಲ್ಲವೇ ಎರಡು ಹಲ್ಲುಗಳ ನಡುವೆ ಮೂಳೆಯಲ್ಲಿ ಹೆಚ್ಚುವರಿ ಹಲ್ಲೊಂದು ಅಡಗಿ ಕೂತಿದ್ದೀತು. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಕಡೆಗಣಿಸಿರುವ ಕಾರಣ ಹಾಲುಹಲ್ಲಿನ ಹುಳುಕು ಎಂದೇ ನನ್ನ ಅನಿಸಿಕೆ. ಐದು ವರ್ಷದ ಮಗುವಿನ ದವಡೆಹಲ್ಲು ಕಪ್ಪಗಾಗಿ, ತೂತು ಬಿದ್ದು, ರಾತ್ರಿಯೆಲ್ಲ ಅಳು. ದಂತವೈದ್ಯರು ‘ನರದ ಚಿಕಿತ್ಸೆ ಮಾಡಿ ಕ್ಯಾಪ್ ಹಾಕೋಣ’ ಎಂದರೆ ಬರುವ ಉತ್ತರ: ‘ಹೇಗೂ ಬೀಳೋ ಹಲ್ಲು ತಾನೇ? ಅದಕ್ಕೆ ಯಾಕೆ ಅಷ್ಟು ದುಡ್ಡು? ಕಿತ್ತುಬಿಡಿ ಸಾರ್.’ ಕೀಳುವುದು ಐದು ನಿಮಿಷದ ಕೆಲಸ. ಅದರ ಫಲ ಕಾಣಿಸುವುದು ಆರೇಳು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಿತ್ತಿಸಿದ ಸಂಗತಿಯೇ ಯಾರಿಗೂ ನೆನಪಿರುವುದಿಲ್ಲ.

ಎರಡನೇ ಹಾಲು ದವಡೆಹಲ್ಲು ಸಾಮಾನ್ಯವಾಗಿ ಬೀಳುವುದು ಹತ್ತು-ಹನ್ನೆರಡು ವರ್ಷಕ್ಕೆ. ಅಲ್ಲಿಯವರೆಗೆ ಅಗಿಯುವುದರ ಜೊತೆಗೆ ಅದಕ್ಕೆ ಇನ್ನೊಂದು ಕೆಲಸವಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತೇವಲ್ಲ, ಹಾಗೆ ಕೆಳಗೆ ಮೂಳೆಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಇದು ಸೀಟು ಹಿಡಿದಿಟ್ಟಿರುತ್ತದೆ. ಆರು ವರ್ಷಕ್ಕೆ ಇದರ ಬೆನ್ನಿಗೇ ಮೊದಲ ಶಾಶ್ವತ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಹಿಂದೆ ಹುಟ್ಟುವುದರಿಂದ ಮನೆಯವರು ಇದನ್ನೂ ಹಾಲುಹಲ್ಲು ಎಂದೇ ತಿಳಿಯುತ್ತಾರೆ. ಇದು ಹುಳುಕಾದರೂ ‘ಬೀಳುತ್ತೆ ಬಿಡಿ’ ಎನ್ನುವವರನ್ನು ಯಾವ ಮಕ್ಕಳ ದಂತವೈದ್ಯರನ್ನು ಕೇಳಿದರೂ ತೋರಿಸಿಯಾರು. ಅದು ಬೀಳುವ ಹಲ್ಲಲ್ಲ, ಸಾಯುವ ತನಕ ಇರಬೇಕಾದ್ದು. ಈ ಹಲ್ಲಿಗೆ ಮುಂದಕ್ಕೆ ಸರಿಯುವ ಸ್ವಭಾವ. ಎದುರಿಗೆ ಹಾಲು ದವಡೆಹಲ್ಲು ಇರುವ ತನಕ ಅದಕ್ಕೆ ಒರಗಿ ನಿಂತಿರುತ್ತದೆ. ಅದನ್ನು ಕಿತ್ತರೆ ತಡೆಯುವವರಿಲ್ಲ. ಕೆಳಗಿನದಾದರೆ ಮುಂದಕ್ಕೆ ವಾಲುತ್ತದೆ, ಮೇಲಿನದಾದರೆ ತಿರುಗಿಕೊಂಡು ಸರಿಯುತ್ತದೆ. ಹೋಗುವ ಜಾಗದಲ್ಲಿ ಹೆಚ್ಚಿನದು ಕಿತ್ತ ಮೊದಲ ಆರು ತಿಂಗಳಲ್ಲೇ ಹೋಗಿಬಿಡುತ್ತದೆ.

ಹನ್ನೊಂದು ವರ್ಷದ ಹೊತ್ತಿಗೆ ನಿಜವಾದ ವಾರಸುದಾರ ಬರುತ್ತಾನೆ, ಸೀಟು ಇಲ್ಲ. ಕೆಳಗಿನ ದವಡೆಯಲ್ಲಿ ಅವನು ನಾಲಿಗೆಯ ಕಡೆಗೆ ಹೊರಬೀಳುತ್ತಾನೆ, ಇಲ್ಲವೇ ಮೂಳೆಯೊಳಗೇ ಸಿಕ್ಕಿಹಾಕಿಕೊಳ್ಳುತ್ತಾನೆ. ಮೇಲಿನ ದವಡೆಯಲ್ಲಿ ಕೊನೆಗೆ ಬರುವುದು ಕೋರೆಹಲ್ಲಾದ್ದರಿಂದ ಜಾಗ ಸಾಲದಿದ್ದರೆ ಸಾಮಾನ್ಯವಾಗಿ ಪೆಟ್ಟು ಅದಕ್ಕೆ. ನಾವು ‘ಹಲ್ಲಿನ ಮೇಲೆ ಹಲ್ಲು’ ಎನ್ನುವುದು ಎಷ್ಟೋ ಸಲ ಹೀಗೆ ಮೇಲೆಯೇ ಉಳಿದ ಕೋರೆಹಲ್ಲನ್ನು. ಕೆಲವರು ಅದನ್ನು ಅದೃಷ್ಟದ ಹಲ್ಲು ಎನ್ನುವುದೂ ಉಂಟು.

ಲೆಕ್ಕದ ಇನ್ನೊಂದು ಮಗ್ಗಲು ಇದೆ. ಕೆಳಗಿನ ಎರಡನೇ ಹಾಲು ದವಡೆಹಲ್ಲಿನ ಅಗಲ ಸುಮಾರು 10 ಮಿಲಿಮೀಟರ್. ಅದರ ಜಾಗಕ್ಕೆ ಬರುವ ಶಾಶ್ವತ ಹಲ್ಲಿನದು 7ರ ಆಸುಪಾಸು. ಮುಂದಿನ ಹಲ್ಲುಗಳಿಗೆ ಆದ ನಷ್ಟವನ್ನು ಹಿಂದೆ ತುಂಬಿಕೊಡಲು ಪ್ರಕೃತಿ ಮಾಡಿದ ಉಳಿತಾಯ ಇದು. ಕೋರೆಹಲ್ಲು, ಎರಡು ದವಡೆಹಲ್ಲು ಎಲ್ಲ ಕೂಡಿಸಿ ಕಳೆದರೆ ಕೆಳದವಡೆಯ ಒಂದೊಂದು ಬದಿಗೆ ಸರಾಸರಿ 1.7 ಮಿಲಿಮೀಟರ್, ಮೇಲಿನದರಲ್ಲಿ 0.9 ಮಿಲಿಮೀಟರ್ ಉಳಿಯುತ್ತದೆ. ಹುಳುಕು ಹಲ್ಲಿನ ಪಕ್ಕದ ಗೋಡೆ ಸವೆದು ಹಿಂದಿನ ಹಲ್ಲು ಒಂದೂವರೆ ಮಿಲಿಮೀಟರ್ ಮುಂದೆ ಬಂದರೂ ಸಾಕು, ಆ ಉಳಿತಾಯ ಹೆಚ್ಚುಕಡಿಮೆ ಖಾಲಿ. ಅಂದರೆ ಹಲ್ಲು ಕೀಳಿಸದಿದ್ದರೂ ಹುಳುಕನ್ನು ಹಾಗೇ ಬಿಟ್ಟರೆ ಜಾಗ ಹೋಗುತ್ತದೆ. ಕೀಳಲೇಬೇಕಾಗಿ ಬಂದರೆ ಸ್ಪೇಸ್ ಮೇಂಟೇನರ್ ಎಂಬ ಸಣ್ಣ ಸಾಧನವಿದೆ. ಹಿಂದಿನ ಹಲ್ಲಿಗೆ ಉಕ್ಕಿನ ಬಳೆ, ಅದರಿಂದ ಮುಂದಿನ ಹಲ್ಲಿನವರೆಗೆ ಒಂದು ತಂತಿ. ಆ ಜಾಗದ ಶಾಶ್ವತ ಹಲ್ಲು ಮೂಡಿದ ಮೇಲೆ ತೆಗೆದುಬಿಡುತ್ತಾರೆ. ಮುಂದೆ ಎರಡು ವರ್ಷ ಕ್ಲಿಪ್ ಹಾಕಿಸುವ ಖರ್ಚಿನ ಎದುರು ಇದು ಏನೇನೂ ಅಲ್ಲ.

ಇನ್ನು ವಂಶದ ಮಾತು. ‘ಅಪ್ಪನ ದೊಡ್ಡ ಹಲ್ಲು, ಅಮ್ಮನ ಚಿಕ್ಕ ದವಡೆ, ಅದಕ್ಕೇ ಹೀಗೆ’ ಎಂಬ ವಿವರಣೆಯನ್ನು ಓದಿದವರೂ ಹೇಳುತ್ತಾರೆ. ಅಮೆರಿಕದ ಚಾರ್ಲ್ಸ್ ಸ್ಟಾಕರ್ಡ್ ಬೇರೆ ಬೇರೆ ತಳಿಯ ನಾಯಿಗಳನ್ನು ಕೂಡಿಸಿ ಸಂಕರ ಮರಿಗಳನ್ನು ಮಾಡಿಸಿದ್ದರು. 1941ರಲ್ಲಿ ಪ್ರಕಟವಾದ ಆ ಪ್ರಯೋಗಗಳಲ್ಲಿ ಮರಿಗಳ ದವಡೆ, ಹಲ್ಲು ಒಂದಕ್ಕೊಂದು ಹೊಂದದೆ ವಿಕಾರವಾಗಿದ್ದವು. ಅಪ್ಪನದೊಂದು ಅಮ್ಮನದೊಂದು ಎಂಬ ನಂಬಿಕೆಗೆ ಇದು ದೊಡ್ಡ ಬಲ ಕೊಟ್ಟಿತು. ಆದರೆ ಅನೇಕ ಗಿಡ್ಡ ತಳಿಯ ನಾಯಿಗಳಲ್ಲಿ ಮೂಳೆ ಬೆಳವಣಿಗೆಯನ್ನೇ ಕುಂಠಿಸುವ ಜೀನ್ ಇರುತ್ತದೆ, ಮರಿಗಳ ವಿಕಾರಕ್ಕೆ ಅದೇ ಕಾರಣವಿರಬೇಕು ಎಂದು ಆಮೇಲೆ ತಿಳಿಯಿತು. ಮನುಷ್ಯರಲ್ಲಿ ಹಾಗಿಲ್ಲ. ಹಲವು ಜನಾಂಗಗಳು ಬೆರೆತ ಹವಾಯಿಯಲ್ಲಿ 1970ರ ಸುಮಾರಿಗೆ ಮಕ್ಕಳನ್ನು ಪರೀಕ್ಷಿಸಿದಾಗ ಬೆರಕೆಯಿಂದ ಹಲ್ಲು ವಿಪರೀತ ಕೆಟ್ಟ ಲಕ್ಷಣ ಕಾಣಲಿಲ್ಲ.

ಹಾಗೆಂದು ವಂಶದ ಪಾತ್ರವೇ ಇಲ್ಲ ಎಂದಲ್ಲ. ಹಲ್ಲು ಒತ್ತಾಗಿರುವುದಕ್ಕಿಂತ ದವಡೆಯ ಆಕಾರದಲ್ಲಿ ಅದು ಎದ್ದು ಕಾಣುತ್ತದೆ. ಕೆಳದವಡೆ ಮುಂದೆ ಚಾಚಿಕೊಂಡು, ಕೆಳಗಿನ ಹಲ್ಲುಗಳು ಮೇಲಿನವುಗಳ ಹೊರಗೆ ಕಚ್ಚುವ ಬಗೆ ಕೆಲವು ಮನೆತನಗಳಲ್ಲಿ ತಲೆಮಾರುಗಟ್ಟಲೆ ಬರುತ್ತದೆ. ಯುರೋಪಿನ ಹ್ಯಾಬ್ಸ್‌ಬರ್ಗ್ ರಾಜಮನೆತನದ ಗದ್ದ ಇದಕ್ಕೆ ಹೆಸರುವಾಸಿ. ಸ್ಪೇನಿನ ಎರಡನೇ ಚಾರ್ಲ್ಸ್‌ನ ಚಿತ್ರ ನೋಡಿದರೆ ಸಾಕು. ಹಲ್ಲೊಂದು ಹುಟ್ಟದೇ ಇರುವುದು, ಮೇಲಿನ ನಡು ಬಾಚಿಹಲ್ಲಿನ ಪಕ್ಕದ ಹಲ್ಲು ಸಣ್ಣ ಗೂಟದಷ್ಟೇ ಇರುವುದು ಕೂಡ ಸಾಮಾನ್ಯವಾಗಿ ಮನೆತನದಲ್ಲಿ ಬರುವಂಥವು. ವೈದ್ಯರು ಚೀಟಿಯಲ್ಲಿ ‘ಕ್ಲಾಸ್ ಒಂದು, ಎರಡು, ಮೂರು’ ಎಂದು ಬರೆಯುತ್ತಾರಲ್ಲ, ಅದು ಅಮೆರಿಕದ ದಂತತಜ್ಞ ಎಡ್ವರ್ಡ್ ಆಂಗಲ್ 1899ರಲ್ಲಿ ಮಾಡಿದ ವಿಂಗಡಣೆ. ಆ ಆರು ವರ್ಷದ ದವಡೆಹಲ್ಲುಗಳು ಮೇಲೆ ಕೆಳಗೆ ಹೇಗೆ ಕೂಡುತ್ತವೆ ಎಂಬುದೇ ಅದಕ್ಕೆ ಆಧಾರ. ಒಂದರಲ್ಲಿ ದವಡೆಹಲ್ಲುಗಳು ಸರಿಯಿದ್ದು ಮುಂದಿನವು ಒತ್ತೊತ್ತಾಗಿರುತ್ತವೆ, ಎರಡರಲ್ಲಿ ಕೆಳಗಿನ ಸಾಲು ಹಿಂದೆ, ಮೂರರಲ್ಲಿ ಮುಂದೆ.

ಎಲ್ಲವೂ ಜೀನ್ ಆಗಿದ್ದರೆ ಇನ್ನೊಂದು ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಬೇಟೆಯಾಡಿ, ಗೆಡ್ಡೆ ಅಗೆದು ತಿಂದ ಕಾಲದವರ ತಲೆಬುರುಡೆಗಳಲ್ಲಿ ಒತ್ತೊತ್ತಾದ ಹಲ್ಲು ಅಪರೂಪ, ಈಗೇಕೆ ಇಷ್ಟು ಮಾಮೂಲು? ಕೆಲವೇ ತಲೆಮಾರುಗಳಲ್ಲಿ ಜೀನ್ ಅಷ್ಟು ಬದಲಾಗುವುದಿಲ್ಲ, ಆದರೆ ಬದಲಾದದ್ದು ಊಟ. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚಿನಿ 1980ರ ದಶಕದಲ್ಲಿ ಉತ್ತರ ಭಾರತದಲ್ಲೇ ಹಳ್ಳಿಯ ಮತ್ತು ಪೇಟೆಯ ಯುವಜನರ ಹಲ್ಲುಗಳನ್ನು ಹೋಲಿಸಿದರು. ಒರಟು ಆಹಾರ ತಿನ್ನುವ ಹಳ್ಳಿಯವರಲ್ಲಿ ಹಲ್ಲಿನ ಹೊಂದಾಣಿಕೆ ಮೇಲಾಗಿತ್ತು. ಡೇನಿಯಲ್ ಲೀಬರ್‌ಮನ್ ತಂಡ 2004ರಲ್ಲಿ ಹೈರಾಕ್ಸ್ ಎಂಬ ಸಣ್ಣ ಪ್ರಾಣಿಗಳಲ್ಲಿ ಕೆಲವಕ್ಕೆ ಬೇಯಿಸಿದ್ದು, ಕೆಲವಕ್ಕೆ ಹಸಿಯದು ಒಣಗಿದ್ದು ಕೊಟ್ಟು ಬೆಳೆಸಿ ನೋಡಿತು. ಮೆತ್ತನೆಯದು ತಿಂದವುಗಳ ಮುಖದ ಕೆಳಭಾಗ ಮತ್ತು ಹಿಂಭಾಗದ ಬೆಳವಣಿಗೆ ಸುಮಾರು ಶೇ 10ರಷ್ಟು ಕಡಿಮೆಯಾಗಿತ್ತು. ಅಗಿಯುವಾಗ ಬೀಳುವ ಹೊರೆಗೆ ತಕ್ಕಂತೆ ಮೂಳೆ ಬೆಳೆಯುತ್ತದೆ. ಹಲ್ಲಿನ ಅಗಲ ಮಾತ್ರ ಮೊದಲೇ ತೀರ್ಮಾನವಾಗಿರುತ್ತದೆ.

ಇದನ್ನು ಓದಿ ‘ಅದಕ್ಕೇ ಹಿಂದಿನವರ ಊಟ ಒಳ್ಳೇದು’ ಎಂದು ಕುಣಿಯುವ ಮುನ್ನ ಒಂದು ಮಾತು. ಹಿಂದಿನವರ ಮುದ್ದೆಯನ್ನು ಯಾರೂ ಅಗಿಯುತ್ತಿರಲಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಅಗಿಯುವ ಕೆಲಸ ಕೊಡುವುದು ಖಡಕ್ ಜೋಳದ ರೊಟ್ಟಿ, ಕಬ್ಬು, ಕೊಬ್ಬರಿ, ಹುರಿಗಡಲೆ, ಹಸಿ ಸೌತೆ-ಗಜ್ಜರಿಯಂಥವು. ಮಗುವಿಗೆ ನಾಲ್ಕು ವರ್ಷವಾದರೂ ಮಿಕ್ಸಿಯಲ್ಲಿ ತಿರುವಿದ ಅನ್ನವನ್ನೇ ಮೊಬೈಲ್ ತೋರಿಸುತ್ತ ತುರುಕುವುದು ದವಡೆಗೆ ಒಳ್ಳೆಯದಲ್ಲ ಎಂದಷ್ಟೇ ಧೈರ್ಯವಾಗಿ ಹೇಳಬಹುದು. ಕಬ್ಬು ಅಗಿದರೆ ಸೊಟ್ಟ ಹಲ್ಲು ನೆಟ್ಟಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೀಲ್ಸ್‌ನಲ್ಲಿ ಓಡುವ ‘ಮ್ಯೂಯಿಂಗ್’ ಎಂಬ ನಾಲಿಗೆ ಕಸರತ್ತಿಗೂ ಸರಿಯಾದ ಪುರಾವೆ ಇಲ್ಲ.

ಬೆರಳು ಚೀಪುವುದಕ್ಕೆ ಮಾತ್ರ ಪುರಾವೆ ಬೇಕಾದಷ್ಟಿದೆ. ಹೆಬ್ಬೆರಳು ಬಾಯಲ್ಲಿದ್ದಾಗ ಮೇಲಿನ ಬಾಚಿಹಲ್ಲು ಹೊರಕ್ಕೆ, ಕೆಳಗಿನದು ಒಳಕ್ಕೆ ಒತ್ತಲ್ಪಡುತ್ತವೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಾಣದ್ದು ಇನ್ನೊಂದು: ಅಂಗುಳಕ್ಕೆ ತಾಗಿಕೊಂಡಿರಬೇಕಾದ ನಾಲಿಗೆ ಬೆರಳಿನ ಕೆಳಗೆ ಹೋಗುತ್ತದೆ, ಚೀಪುವಾಗ ಕೆನ್ನೆಗಳು ಒಳಕ್ಕೆ ಎಳೆಯುತ್ತವೆ. ಒಳಗಿನ ಆಸರೆ ಇಲ್ಲದೆ, ಹೊರಗಿನ ಒತ್ತಡ ಹೆಚ್ಚಾಗಿ ಮೇಲಿನ ದವಡೆ ಇಕ್ಕಟ್ಟಾಗುತ್ತದೆ. ಮುಂದೆ ಹಲ್ಲು ಕಚ್ಚಿದರೂ ಮೇಲೆ-ಕೆಳಗಿನ ಬಾಚಿಹಲ್ಲು ಕೂಡದೆ ನಡುವೆ ಕಿಂಡಿ ಉಳಿಯುತ್ತದೆ. ನಿದ್ದೆ ಬರುವ ತನಕ ಹತ್ತು ನಿಮಿಷ ಚೀಪುವ ಮಗುವಿಗೆ ಇದೆಲ್ಲ ಆಗುವುದಿಲ್ಲ, ರಾತ್ರಿಯಿಡೀ ಚೀಪುವ ಮಗುವಿಗೆ ಆಗುತ್ತದೆ. ಮತ್ತೆ ಅದೇ ಗಂಟೆಗಳ ಲೆಕ್ಕ. ಶಾಶ್ವತ ಬಾಚಿಹಲ್ಲು ಬರುವ ಮೊದಲೇ, ನಾಲ್ಕೈದು ವರ್ಷದೊಳಗೆ ಬಿಟ್ಟರೆ ಬಹುತೇಕ ತಾನಾಗಿ ಸರಿಹೋಗುತ್ತದೆ. ಬೇವಿನೆಣ್ಣೆ ಹಚ್ಚಿ, ಹೊಡೆದು ಬಿಡಿಸುವುದಕ್ಕಿಂತ ಮಗುವೇ ಬಿಡಬೇಕು ಎಂದುಕೊಳ್ಳುವ ಹಾಗೆ ಪುಸಲಾಯಿಸುವುದು ಹೆಚ್ಚು ಫಲ ಕೊಡುತ್ತದೆ.

ಬಾಯಿಂದ ಉಸಿರಾಡುವುದೂ ನಾಲಿಗೆಯನ್ನು ಕೆಳಗಿಳಿಸುತ್ತದೆ. ಮೂಗಿನ ಹಿಂದಿನ ಅಡಿನಾಯ್ಡ್ ಊದಿಕೊಂಡ, ವರ್ಷವಿಡೀ ಅಲರ್ಜಿ ನೆಗಡಿಯಿಂದ ಬಳಲುವ, ಬಾಯಿ ತೆರೆದು ಗೊರಕೆ ಹೊಡೆಯುವ ಮಕ್ಕಳಲ್ಲಿ ಉದ್ದ ಮುಖ, ಇಕ್ಕಟ್ಟಾದ ಅಂಗುಳ, ಮುಂದೆ ಬಂದ ಹಲ್ಲು ಒಟ್ಟಿಗೆ ಕಾಣುವುದುಂಟು. ಸಂಶೋಧಕ ಎಗಿಲ್ ಹಾರ್ವೋಲ್ಡ್ 1980ರ ಹೊತ್ತಿಗೆ ರೀಸಸ್ ಕೋತಿಗಳ ಮೂಗಿನ ಹೊಳ್ಳೆ ಮುಚ್ಚಿ ನೋಡಿದ್ದರು. ಎಲ್ಲ ಕೋತಿಗಳ ಹಲ್ಲಿನ ಜೋಡಣೆಯೂ ಕೆಟ್ಟಿತು, ಆದರೆ ಒಂದೊಂದರದು ಒಂದೊಂದು ಬಗೆ, ಏಕೆಂದರೆ ಒಂದೊಂದೂ ಬಾಯಿ ತೆರೆಯಲು ತನ್ನದೇ ದಾರಿ ಕಂಡುಕೊಂಡಿತ್ತು. ಮಕ್ಕಳಲ್ಲಿ ಮೂಗು ಹಾಗೆ ಪೂರ್ತಿ ಕಟ್ಟುವುದು ಅಪರೂಪ, ಹಾಗಾಗಿ ಎಲ್ಲ ತಪ್ಪನ್ನೂ ಮೂಗಿನ ಮೇಲೆ ಹಾಕಲಾಗದು. ಆದರೂ ಇಂಥ ಮಗುವಿಗೆ ಕ್ಲಿಪ್ ಹಾಕಿಸುವ ಮುಂಚೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸುವುದು ಒಳ್ಳೆಯದು.

ಬಿದ್ದ ಪೆಟ್ಟನ್ನು ನಾವು ಬೇಗ ಮರೆಯುತ್ತೇವೆ. ಎರಡು ವರ್ಷದ ಮಗು ಹೊಸ್ತಿಲು ಎಡವಿ ಬಿದ್ದು ಮುಂದಿನ ಹಾಲುಹಲ್ಲು ಒಸಡಿನೊಳಗೆ ಹೂತುಕೊಂಡರೆ, ಅದರ ಹಿಂದೆಯೇ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಬೇರು ಬಾಗಿ ಬೆಳೆಯಬಹುದು. ಗದ್ದ ಊರಿಕೊಂಡು ಬಿದ್ದರೆ ಇನ್ನೂ ಜಾಗ್ರತೆ ಬೇಕು. ಗದ್ದಕ್ಕೆ ಹೊಲಿಗೆ ಹಾಕಿಸಿ ಮನೆಗೆ ಬರುತ್ತೇವೆ, ಮುರಿದಿರುವುದು ಕಿವಿಯ ಮುಂದಿನ ದವಡೆ ಕೀಲು ಇರಬಹುದು. ಆ ಕೀಲು ಮೂಳೆಗೆ ಅಂಟಿ ಗಟ್ಟಿಯಾದರೆ ಬಾಯಿ ತೆರೆಯುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ, ಕೆಳದವಡೆ ಬೆಳೆಯುವುದೇ ನಿಲ್ಲುತ್ತದೆ. ಗದ್ದಕ್ಕೆ ಪೆಟ್ಟಾದ ಮಗು ಬಾಯಿ ಪೂರ್ತಿ ತೆರೆಯುತ್ತದೆಯೇ, ತೆರೆದಾಗ ದವಡೆ ಒಂದು ಬದಿಗೆ ಜಾರುತ್ತದೆಯೇ ಎಂದು ಮುಂದಿನ ತಿಂಗಳುಗಳಲ್ಲಿ ಗಮನಿಸುತ್ತಿರಬೇಕು.

ದೊಡ್ಡವರ ಕಥೆ ಬೇರೆ. ‘ನಂದು ನೆಟ್ಟಗೇ ಇತ್ತು, ಇಪ್ಪತ್ತೈದು ದಾಟಿದ ಮೇಲೆ ಕೆಳಗಿನ ಹಲ್ಲು ಒತ್ತಾಯಿತು, ಬುದ್ಧಿಹಲ್ಲು ತಳ್ಳಿತು’ ಎನ್ನುವವರು ಬಹಳ. ಅನುಮಾನ ಸಹಜವೇ, ಆದರೆ ಸಾಕ್ಷ್ಯ ಅದರ ಪರವಾಗಿಲ್ಲ. ಬುದ್ಧಿಹಲ್ಲು ಹುಟ್ಟದೇ ಇದ್ದವರಲ್ಲೂ, ಕೀಳಿಸಿದವರಲ್ಲೂ ಕೆಳಗಿನ ಬಾಚಿಹಲ್ಲುಗಳು ವಯಸ್ಸಾದಂತೆ ಒತ್ತಾಗುತ್ತವೆ. ಹಲ್ಲುಗಳು ಜೀವನವಿಡೀ ನಿಧಾನಕ್ಕೆ ಮುಂದೆ ಸರಿಯುತ್ತವೆ, ದವಡೆಯಲ್ಲೂ ತಡವಾಗಿ ಸಣ್ಣ ಬದಲಾವಣೆಗಳಾಗುತ್ತವೆ. ನೋವು, ಕೀವು ಇಲ್ಲದ ಬುದ್ಧಿಹಲ್ಲನ್ನು ಮುಂದಿನ ಹಲ್ಲು ನೆಟ್ಟಗಿರಲಿ ಎಂಬ ಒಂದೇ ಕಾರಣಕ್ಕೆ ಕೀಳಿಸುವ ಅಗತ್ಯವಿಲ್ಲ. ಕ್ಲಿಪ್ ತೆಗೆಸಿದವರ ಹಲ್ಲು ಮತ್ತೆ ಸೊಟ್ಟಗಾಗುವುದಕ್ಕೂ ಹೆಚ್ಚಾಗಿ ಬುದ್ಧಿಹಲ್ಲಲ್ಲ, ಸರಿಪಡಿಸಿದ ಹಲ್ಲನ್ನು ಅಲ್ಲೇ ಹಿಡಿದಿಡಲು ಕೊಟ್ಟ, ಹಾಕಿಕೊಳ್ಳದೆ ಪೆಟ್ಟಿಗೆಯಲ್ಲೇ ಉಳಿದ ರಿಟೇನರ್ ಎಂಬ ಸಾಧನ ಕಾರಣ. ಒಸಡಿನ ಎಳೆಗಳು ಹೊಸ ಜಾಗಕ್ಕೆ ಒಗ್ಗಲು ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಹಲ್ಲನ್ನು ಹಳೆಯ ಕಡೆಗೇ ಎಳೆಯುತ್ತಿರುತ್ತವೆ.

ನಲವತ್ತರ ಆಸುಪಾಸಿನಲ್ಲಿ ಮುಂದಿನ ಹಲ್ಲುಗಳ ನಡುವೆ ಇಲ್ಲದ ಸಂದು ಹೊಸದಾಗಿ ಕಂಡರೆ ಅದು ಬೇರೆಯೇ ಸೂಚನೆ. ಒಸಡಿನ ರೋಗದಿಂದ ಬೇರಿನ ಸುತ್ತಲಿನ ಮೂಳೆ ಇಳಿದಿರುತ್ತದೆ. ಮೊದಲು ತಡೆದುಕೊಳ್ಳುತ್ತಿದ್ದ ನಾಲಿಗೆಯ ಒತ್ತಡವನ್ನೇ ಹಲ್ಲು ಈಗ ತಡೆಯಲಾರದು. ಬೀಡಿ, ಸಿಗರೇಟು, ತಂಬಾಕು ಬಳಸುವವರಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಇದು ಹೆಚ್ಚು. ಹಲ್ಲುಜ್ಜುವಾಗ ರಕ್ತ, ಬಾಯಿ ವಾಸನೆ ಜೊತೆಗಿದ್ದರೆ ಅನುಮಾನವೇ ಬೇಡ. ಇಂಥವರು ಸಂದು ಮುಚ್ಚಿಸಲೆಂದು ನೇರವಾಗಿ ಕ್ಲಿಪ್‌ಗೆ ಹೋಗಬಾರದು. ಮೊದಲು ಹಲ್ಲು ಕ್ಲೀನ್ ಮಾಡಿಸಿ ಒಸಡಿಗೆ ಚಿಕಿತ್ಸೆ ಆಗಬೇಕು, ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ನೋಡಬೇಕು. ರೋಗ ಹಾಗೇ ಇರುವಾಗ ತಂತಿ ಕಟ್ಟಿ ಎಳೆದರೆ ಉಳಿದ ಮೂಳೆಯೂ ಬೇಗ ಹೋಗುತ್ತದೆ.